ಮೆಟಾಲಿಕಾದ 'ಲೋಡ್' ಕೇಳಬೇಕಾ, ಸುಮ್ನೆ ಬಿಡಬೇಕಾ?

ಶಿರಸಿ_ಮಳೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾವನ್ನು ಮೊದಲ ಆಲ್ಬಮ್‌ನಿಂದ ಹಿಡಿದು ಕ್ರಮವಾಗಿ ಕೇಳುತ್ತಾ ಬರುತ್ತಿದ್ದೇನೆ. ನಮ್ಮ ಕಡೆ ಜುಲೈ ಅಂದರೆ ಗೊತ್ತಲ್ಲ, ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಕೇಳುವ ಹಾಗೇ ಇಲ್ಲ, ನೆಟ್‌ವರ್ಕ್ ಕತೆಯೂ ಅಷ್ಟೇ, ಹಾಗಾಗಿ ಎಲ್ಲಾ ಆಲ್ಬಮ್‌ಗಳನ್ನೂ ಮೊದಲೇ ಫೋನಿಗೆ ಇಳಿಸಿಟ್ಟುಕೊಂಡಿದ್ದೆ. 1983ರ 'ಕಿಲ್ ಎಮ್ ಆಲ್'ನಿಂದ 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್'ವರೆಗೆ ನಾಲ್ಕೂ ಆಲ್ಬಮ್ ಭಯಂಕರ ಹಿಡಿಸಿದವು. 1991ರ ಬ್ಲ್ಯಾಕ್ ಆಲ್ಬಮ್ (ಬ್ಯಾಂಡಿನ ಹೆಸರೇ ಇಟ್ಟ, ಕಪ್ಪು ಹೊದಿಕೆಯ ಆಲ್ಬಮ್) ಸ್ವಲ್ಪ ನಿಧಾನ. ಆದರೂ ಅದರ ತೂಕವೇ ಬೇರೆ, ತಕರಾರಿಲ್ಲ.

ಆಮೇಲೆ 1996ರ 'ಲೋಡ್' ಹಾಕಿದೆ. ಇದೆಂತ ಮಾರಾಯ್ರೆ! ಬೇರೆ ಯಾವುದೋ ಬ್ಯಾಂಡ್ ಹಾಕಿಬಿಟ್ಟೆನಾ ಅಂತ ಫೋನ್ ತೆಗೆದು ಹೆಸರು ನೋಡಿದೆ. ಮೊದಲ ಹಾಡಿನಲ್ಲೇ ಸ್ಲೈಡ್ ಗಿಟಾರ್, ಅದೇ, ತಂತಿ ಮೇಲೆ ಕೊಳವೆ ಜಾರಿಸಿ ನುಡಿಸುವುದು. ನಡುವೆ ಒಂದು ಕಂಟ್ರಿ, ಅಂದರೆ ಅಮೆರಿಕದ ಹಳ್ಳಿ ಕಡೆಯ ಶೈಲಿಯ ಹಾಡು. ವೇಗ ಎಲ್ಲಿಗೆ ಹೋಯ್ತು? 14 ಹಾಡು ಮುಗಿಯುವಷ್ಟರಲ್ಲಿ ಸುಸ್ತಾಯಿತು. ಕೆಟ್ಟದು ಅಂತ ಅಲ್ಲ, ನಡುನಡುವೆ ಏನೋ ಇದೆ ಅಂತಲೂ ಅನ್ನಿಸಿತು, ಆದರೆ ಕೈಗೆ ಸಿಗಲಿಲ್ಲ.

ನಮ್ಮ ಭಾವನ ಪ್ರಕಾರ ಅದೆಲ್ಲ ದುಡ್ಡಿಗಾಗಿ ಮಾಡಿದ್ದು, ಸುಮ್ನೆ 2008ರ 'ಡೆತ್ ಮ್ಯಾಗ್ನೆಟಿಕ್'ಗೆ ಹಾರಿಬಿಡು. ನನಗೆ ಹಾಗೆ ಹಾರುವ ಮನಸ್ಸಿಲ್ಲ. ಹದಿನೈದು ವರ್ಷ ಹೆಸರು ಮಾಡಿದ ಬ್ಯಾಂಡ್ ಒಮ್ಮೆಲೇ ಹೀಗೆ ತಿರುಗಿಕೊಂಡದ್ದು ಯಾಕೆ? ಇದನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು? ಆಗಿನ ಕಾಲದಲ್ಲೇ ಕೇಳಿದವರು ಯಾರಾದರೂ ಇದ್ದರೆ ಹೇಳಿ.

ಕಾಳಿನದಿ_ಕಾರವಾರ:

ಆಗಿನ ಕಾಲದವನು ನಾನಿದ್ದೇನೆ ತಮ್ಮಾ.

1996ರಲ್ಲಿ ಕಾರವಾರದಲ್ಲಿ ಇಂಥ ಕ್ಯಾಸೆಟ್ ಸಿಗುತ್ತಿರಲಿಲ್ಲ. ಕೊಂಕಣ ರೈಲು ಇನ್ನೂ ಪೂರ್ತಿ ಆಗಿರಲಿಲ್ಲ. ಬಸ್ಸು ಹತ್ತಿ ಕಾಣಕೋಣ ದಾಟಿ ಮಡಗಾಂವಿಗೆ ಹೋದವರು ಯಾರಾದರೂ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಬ್ಬ ತಂದ ಅಂದರೆ ಉಳಿದವರೆಲ್ಲ ಅವನ ಮನೆಯ ಟೇಪ್ ರೆಕಾರ್ಡರ್ ಮುಂದೆ ಖಾಲಿ ಕ್ಯಾಸೆಟ್ ಹಿಡಿದು ಕೂರುವುದು. ಇಲ್ಲೇ ಒಂದು ತಮಾಷೆ ಇದೆ ನೋಡು. 'ಲೋಡ್' ಆಲ್ಬಮ್ 79 ನಿಮಿಷಕ್ಕೆ ಒಂದೆರಡು ಸೆಕೆಂಡ್ ಕಡಿಮೆ. ನಮ್ಮ ಹತ್ತಿರ ಇದ್ದದ್ದು 60 ನಿಮಿಷದ ಖಾಲಿ ಕ್ಯಾಸೆಟ್. ಹಾಗಾಗಿ 'ಮಾಮಾ ಸೆಡ್' ಆದಮೇಲೆ ಟೇಪ್ ಖಾಲಿ, ಕೊನೆಯ ಮೂರು ಹಾಡು ಬರಲೇ ಇಲ್ಲ. ಆ ಮೂರರಲ್ಲಿ 'ದ ಔಟ್‌ಲಾ ಟಾರ್ನ್' ಒಂದು! ಇಡೀ ಆಲ್ಬಮ್‌ನ ಜೀವವೇ ಆ ಹಾಡು ಅಂತ ನನ್ನ ಲೆಕ್ಕ. ನಮ್ಮ ಗುಂಪಿನಲ್ಲಿ ಅರ್ಧ ಜನ ಅದನ್ನು ಕೇಳದೆಯೇ ಆಲ್ಬಮ್‌ಗೆ ಬೈದು ಮುಗಿಸಿದ್ದರು.

ಬ್ಯಾಂಡಿಗೂ ಇದೇ ಗತಿ ಬಂದಿತ್ತು ಅನ್ನುವುದು ಆಮೇಲೆ ಗೊತ್ತಾಯ್ತು. ಸೀಡಿಯಲ್ಲಿ ಜಾಗ ಸಾಲದೆ ಅದೇ 'ಔಟ್‌ಲಾ ಟಾರ್ನ್' ಬಾಲವನ್ನು ಸುಮಾರು ಒಂದು ನಿಮಿಷ ಕತ್ತರಿಸಿದ್ದರು. ಪೂರ್ತಿ ಹಾಡು 1997ರಲ್ಲಿ 'ದ ಮೆಮೊರಿ ರಿಮೇನ್ಸ್' ಸಿಂಗಲ್ ಜೊತೆ ಹೊರಬಂತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಒಮ್ಮೆಲೇ ತಿರುಗಿಕೊಂಡರು ಅನ್ನುವುದು ಸರಿಯಲ್ಲ. ತಿರುಗಿದ್ದು 1991ರಲ್ಲೇ. 'ಜಸ್ಟಿಸ್' ನೆನಪು ಮಾಡಿಕೋ, ಒಂಬತ್ತು ಹಾಡಿಗೆ 65 ನಿಮಿಷ, ಒಂದೊಂದು ಹಾಡಿನಲ್ಲಿ ಎಷ್ಟು ಮಡಿಕೆ, ಎಷ್ಟು ತಿರುವು. ಅದನ್ನು ವೇದಿಕೆ ಮೇಲೆ ನುಡಿಸಿ ನುಡಿಸಿ ಅವರಿಗೇ ಸಾಕಾಗಿತ್ತು. ಆಗ ಬಾಬ್ ರಾಕ್ ಅನ್ನುವ ನಿರ್ಮಾಪಕನನ್ನು ಕರೆದುಕೊಂಡರು, ಮೋಟ್ಲಿ ಕ್ರೂ ಬ್ಯಾಂಡಿಗೆ 'ಡಾ. ಫೀಲ್‌ಗುಡ್' ಆಲ್ಬಮ್ ಮಾಡಿಕೊಟ್ಟವನು. ಅವನು ಹಾಡು ಚಿಕ್ಕದು ಮಾಡಿಸಿದ, ಡ್ರಮ್ ದೊಡ್ಡದು ಮಾಡಿಸಿದ, ಹಾಡುವ, ಗಿಟಾರ್ ನುಡಿಸುವ ಜೇಮ್ಸ್ ಹೆಟ್‌ಫೀಲ್ಡ್ ಕೈಲಿ ನಿಜವಾಗಿ ಹಾಡಿಸಿದ. ಅಮೆರಿಕ ಒಂದರಲ್ಲೇ 1.6 ಕೋಟಿಗೂ ಜಾಸ್ತಿ ಪ್ರತಿ ಹೋಯಿತು ಆ ಬ್ಲ್ಯಾಕ್ ಆಲ್ಬಮ್. ಈಗ ಗೋಕರ್ಣದ ಕುಡ್ಲೆ ಬೀಚಿನಲ್ಲಿ ಗಿಟಾರ್ ಹಿಡಿದು ಕೂತ ಯಾರನ್ನಾದರೂ ನೋಡು, ಅದರಲ್ಲಿರುವ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಶುರುವಿನ ಬಿಟ್ಟ ತಂತಿಗಳನ್ನೇ ಮೀಟುತ್ತಿರುತ್ತಾರೆ.

ಅದಕ್ಕೂ 'ಲೋಡ್'ಗೂ ನಡುವೆ ಐದು ವರ್ಷ. ಆ ಐದು ವರ್ಷದಲ್ಲಿ ನಿರ್ವಾಣ ಅನ್ನುವ ಬ್ಯಾಂಡ್ ಬಂದು ಹೋಯಿತು, ಆಲಿಸ್ ಇನ್ ಚೇನ್ಸ್ ಅನ್ನುವ ಬ್ಯಾಂಡ್ ಬಂತು, ಸ್ಪೀಡು ಸ್ಪೀಡು ಅಂತ ಓಡುತ್ತಿದ್ದ ಥ್ರ್ಯಾಶ್ ಬ್ಯಾಂಡುಗಳನ್ನು ಕೇಳುವವರಿಲ್ಲ. ಇವರು ವಾಪಸ್ ಬಂದಾಗ ಎಲ್ಲರ ತಲೆಕೂದಲು ಕತ್ತರಿಸಿತ್ತು! ನಿಜ ಹೇಳಬೇಕೆಂದರೆ ನಮಗೆ ಮೊದಲು ಸಿಟ್ಟು ಬಂದದ್ದು ಆ ಫೋಟೋಗಳಿಗೆ, ಹಾಡಿಗಲ್ಲ. 1996ರಲ್ಲಿ ಆಲಿಸ್ ಇನ್ ಚೇನ್ಸ್‌ನವರ ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮಕ್ಕೆ ಮೆಟಾಲಿಕಾದವರು ಪ್ರೇಕ್ಷಕರಾಗಿ ಹೋಗಿದ್ದರು. ಆ ಬ್ಯಾಂಡಿನ ಬೇಸ್ ವಾದಕ ತನ್ನ ಗಿಟಾರ್ ಮೇಲೇ ಅವರ ಹೇರ್‌ಕಟ್ ಬಗ್ಗೆ ಒಂದು ಚೇಷ್ಟೆಯ ಸಾಲು ಬರೆದುಕೊಂಡು ಬಂದಿದ್ದ. ಜೇಮ್ಸ್ ಕೂಡ ಎಷ್ಟೋ ವರ್ಷದ ನಂತರ, ಆ ವೇಷವೆಲ್ಲ ಡ್ರಮ್ಮರ್ ಲಾರ್ಸ್ ಮತ್ತು ಇನ್ನೊಬ್ಬ ಗಿಟಾರ್ ವಾದಕ ಕರ್ಕ್ ಅವರ ಹುಚ್ಚು, ತನಗೆ ಒಗ್ಗಲಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದ್ದಾನೆ.

ನನ್ನ ತಕರಾರು ಶೈಲಿ ಬದಲಾದದ್ದಕ್ಕೆ ಅಲ್ಲ. ಉದ್ದಕ್ಕೆ. 14 ಹಾಡು ಯಾಕೆ ಬೇಕಿತ್ತು? ಎಂಟು ಇಟ್ಟಿದ್ದರೆ ಇವತ್ತು ಈ ಪ್ರಶ್ನೆ ನೀನು ಕೇಳುತ್ತಲೇ ಇರಲಿಲ್ಲ. ಸಾಲದ್ದಕ್ಕೆ ಮರುವರ್ಷ 'ರಿಲೋಡ್' ಅಂತ ಇನ್ನೂ 13 ಹಾಡು. ಮೊದಲು ಎರಡನ್ನೂ ಸೇರಿಸಿ ಒಂದೇ ಡಬಲ್ ಆಲ್ಬಮ್ ಮಾಡುವ ಯೋಚನೆ ಇತ್ತಂತೆ, ದೇವರು ದೊಡ್ಡವನು.

ಅಂಕೋಲೆಯ_ಹಟವಾದಿ:

ಕಾರವಾರದ ಅಣ್ಣ ಬಹಳ ಮೆತ್ತಗೆ ಬರೆದಿದ್ದಾರೆ. ನಾನು ಶಿರಸಿಯವರ ಭಾವನ ಪಾರ್ಟಿ.

ಕಾಲ ಬದಲಾಯ್ತು, ಹಾಗಾಗಿ ಬ್ಯಾಂಡ್ ಬದಲಾಯ್ತು. ಇದಕ್ಕೇ ಅಲ್ವಾ ಮಾರ್ಕೆಟ್ ಹಿಂದೆ ಹೋಗುವುದು ಅನ್ನುವುದು? ರೇಡಿಯೋದಲ್ಲಿ ಬರುವಂಥ ಹಾಡು ಮಾಡಿದರು, ರೇಡಿಯೋದಲ್ಲಿ ಬಂತು. 'ಅಂಟಿಲ್ ಇಟ್ ಸ್ಲೀಪ್ಸ್' ಅಮೆರಿಕದ ಪಟ್ಟಿಯಲ್ಲಿ ಹತ್ತನೇ ಸ್ಥಾನಕ್ಕೆ ಹೋಯಿತು, ಅಷ್ಟು ಮೇಲೆ ಇವರ ಯಾವ ಹಾಡೂ ಹೋಗಿರಲಿಲ್ಲ. ಸಂತೋಷ. ಆದರೆ ಅದನ್ನು ಕಲೆಯ ಬೆಳವಣಿಗೆ ಅಂತ ಕರೆಯಬೇಡಿ.

ಬದಲಾಗುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಐರ್ಲೆಂಡಿನ ಬ್ಯಾಂಡ್ ಯು-ಟೂ ನೋಡಿ. 1991ರಲ್ಲಿ 'ಅಖ್ತುಂಗ್ ಬೇಬಿ' ಮಾಡಿದಾಗ ಅವರೂ ಹಳೆ ಬ್ಯಾಂಡೇ. ಬರ್ಲಿನ್‌ನ ಹಾನ್ಸಾ ಸ್ಟುಡಿಯೋಗೆ ಹೋಗಿ ಕೂತು, ತಮ್ಮತಮ್ಮಲ್ಲೇ ಜಗಳ ಆಡಿ, ಬ್ಯಾಂಡೇ ಒಡೆಯುವ ಹಂತಕ್ಕೆ ಹೋಗಿ, 'ಒನ್' ಹಾಡು ಹುಟ್ಟಿದ ಮೇಲೆ ಉಸಿರು ಬಿಟ್ಟರು. ಅದರಲ್ಲಿ ಗಿಟಾರ್ ಯಾವುದು ಯಂತ್ರ ಯಾವುದು ಗೊತ್ತಾಗುವುದಿಲ್ಲ. ಹಳೆ ಯು-ಟೂ ಕೇಳಿದವರಿಗೆ ಅದೂ ಶಾಕ್ ಆಗಿತ್ತು. ಆದರೆ 12 ಹಾಡು, 55 ನಿಮಿಷ, ಒಂದು ಹಾಡೂ ದಂಡ ಇಲ್ಲ. ಅದು ಬದಲಾವಣೆ. 'ಲೋಡ್' ಅಂದರೆ ಏನು ಮಾಡಬೇಕೆಂದು ಗೊತ್ತಾಗದೆ ಎಲ್ಲವನ್ನೂ ಒಳಗೆ ತುಂಬಿದ್ದು.

ತಂತಿ_ಕುಮಟಾ:

ನಾನು ಗಿಟಾರ್ ನುಡಿಸುವವನು. ಮಾರ್ಕೆಟ್ ವಿಷಯ ಬದಿಗಿಟ್ಟು, ಕಿವಿಗೆ ಯಾಕೆ ಬೇರೆ ಕೇಳುತ್ತದೆ ಅಂತ ಹೇಳುತ್ತೇನೆ, ಶಿರಸಿಯವರು ಅದನ್ನೂ ಕೇಳಿದ್ದಾರೆ ಅಂದುಕೊಂಡಿದ್ದೇನೆ.

ಮೊದಲನೆಯದು ಟ್ಯೂನಿಂಗ್. ಹಳೆಯ ಆಲ್ಬಮ್‌ಗಳಲ್ಲಿ ಹೆಚ್ಚಿನ ಹಾಡು ಮಾಮೂಲಿ 'ಈ' (E) ಶ್ರುತಿಯಲ್ಲಿವೆ. ನಡುವೆ 'ಸ್ಯಾಡ್ ಬಟ್ ಟ್ರೂ' ತರಹದ ಒಂದೆರಡು ಹಾಡಿಗೆ ಮಾತ್ರ ಪೂರ್ತಿ ಒಂದು ಸ್ವರ ಇಳಿಸಿದ್ದರು. 'ಲೋಡ್'ನಲ್ಲಿ ಗಿಟಾರ್‌ಗಳೆಲ್ಲ ಅರ್ಧ ಸ್ವರ ಕೆಳಗೆ. ತಂತಿ ಸ್ವಲ್ಪ ಸಡಿಲ, ಬೆರಳಿಗೆ ಎಳೆದು ಬಾಗಿಸಲು ಸುಲಭ, ಜೇಮ್ಸ್ ಗಂಟಲಿಗೂ ಆರಾಮ. ಬ್ಲೂಸ್ ನುಡಿಸುವವರು ತಂತಿ ಎಳೆದು ಅಳಿಸುತ್ತಾರಲ್ಲ, ಆ ಗುಣ ಇಲ್ಲಿ ತಾನಾಗೇ ಬರುತ್ತದೆ.

ಎರಡನೆಯದಕ್ಕೆ ಹೆಡ್‌ಫೋನ್ ಬೇಕು. ಅಲ್ಲಿಯವರೆಗೆ ಸ್ಟುಡಿಯೋದಲ್ಲಿ ರಿದಮ್ ಗಿಟಾರ್, ಅಂದರೆ ಹಾಡಿನ ಕೆಳಗೆ ಓಡುವ ಗಿಟಾರ್, ಎಲ್ಲಾ ಜೇಮ್ಸ್ ಒಬ್ಬನದೇ. ಅವನೇ ಒಂದರ ಮೇಲೆ ಒಂದು ನುಡಿಸಿ ಪದರ ಕಟ್ಟುತ್ತಿದ್ದ, ಅದಕ್ಕೇ 'ಮಾಸ್ಟರ್ ಆಫ್ ಪಪೆಟ್ಸ್' ಕೇಳಿದರೆ ಗೋಡೆ ಎದ್ದು ಬಂದ ಹಾಗೆ, ಎಲ್ಲೂ ಒಂದು ಬಿರುಕಿಲ್ಲ. ಕರ್ಕ್ ಹ್ಯಾಮೆಟ್‌ಗೆ ಸೋಲೋ, ಅಂದರೆ ನಡುವೆ ಒಂಟಿಯಾಗಿ ನುಡಿಸುವ ಭಾಗ ಮಾತ್ರ. 'ಲೋಡ್'ನಲ್ಲಿ ಮೊದಲ ಬಾರಿಗೆ ಕರ್ಕ್ ಕೂಡ ರಿದಮ್ ನುಡಿಸಿದ. ಇಬ್ಬರ ಕೈ ಬೇರೆ ಬೇರೆ, ಒಂದೇ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ನುಡಿಸಿದರೂ ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ. ಕೆಲವು ಕಡೆ ಇಬ್ಬರೂ ಬೇರೆಯದನ್ನೇ ನುಡಿಸುತ್ತಾರೆ. ನಿಮಗೆ ಸಡಿಲ ಅನ್ನಿಸಿದ್ದು ಇದೇ ಇರಬೇಕು. ಬೇಕೆಂದೇ ಮಾಡಿದ ಸಡಿಲ ಅದು.

ಡ್ರಮ್ಸ್ ನೋಡಿ. ಲಾರ್ಸ್ ಎರಡೂ ಕಾಲಿನಲ್ಲಿ ಬಾರಿಸುವ ಡಬಲ್ ಬೇಸ್ ಇಲ್ಲಿ ಹೆಚ್ಚುಕಡಿಮೆ ಇಲ್ಲ. ಮೆಟಲ್ ಡ್ರಮ್ಮರ್‌ಗಳು ಇದಕ್ಕೆ ಅವನನ್ನು ಬಹಳ ಆಡಿಕೊಳ್ಳುತ್ತಾರೆ. ನನಗಂತೂ 'ಬ್ಲೀಡಿಂಗ್ ಮಿ'ಯಲ್ಲಿ ಅವನು ಕಾಯುವ ರೀತಿ ಇಷ್ಟ, ಎಂಟು ನಿಮಿಷದ ಹಾಡನ್ನು ಎಲ್ಲೂ ಅವಸರ ಇಲ್ಲದೆ ಮೇಲೆ ತರುತ್ತಾನೆ. ಇನ್ನು ಬೇಸ್. 'ಜಸ್ಟಿಸ್'ನಲ್ಲಿ ಪಾಪ ಜೇಸನ್ ನ್ಯೂಸ್ಟೆಡ್ ನುಡಿಸಿದ್ದು ಎಲ್ಲಿದೆ ಅಂತ ಹುಡುಕಬೇಕು, ಇಲ್ಲಿ ಕೈಗೆ ಸಿಗುವಷ್ಟು ಸ್ಪಷ್ಟ. ಆದರೆ ಹಾಡು ಕಟ್ಟಿದವರ ಪಟ್ಟಿಯಲ್ಲಿ ಅವನ ಹೆಸರು ಒಂದು ಹಾಡಿಗೂ ಇಲ್ಲ, ಅದು ಬೇರೆ ಕತೆ. 2001ರಲ್ಲಿ ಬಿಟ್ಟು ಹೋದ.

ಇದೆಲ್ಲ ದುಡ್ಡಿಗೆ ಮಾಡಿದ್ದು ಅಂದರೆ ನಾನು ಒಪ್ಪುವುದಿಲ್ಲ. ದುಡ್ಡು ಬೇಕಿದ್ದರೆ ಬ್ಲ್ಯಾಕ್ ಆಲ್ಬಮ್‌ನ ಎರಡನೇ ಭಾಗ ಮಾಡುತ್ತಿದ್ದರು. ಅದು ಎಲ್ಲಕ್ಕಿಂತ ಸುಲಭದ ದಾರಿ. ಸುಮಾರು ಹತ್ತು ನಿಮಿಷದ ಹಾಡು ಬರೆದು, ಹಾಡು ಮುಗಿದ ಮೇಲೂ ಗಿಟಾರ್ ಅಲೆಯುತ್ತಾ ಹೋಗುವುದನ್ನು ಇಟ್ಟುಕೊಂಡವನು ರೇಡಿಯೋ ನೋಡಿ ಬರೆದ ಅನ್ನುವುದು ಹೇಗೆ?

ಹೊನ್ನಾವರದ_ರಾತ್ರಿಯಾಟ:

ನನಗೆ ಮೆಟಾಲಿಕಾ ಅಷ್ಟಕ್ಕಷ್ಟೇ. ಮಗ ಕೇಳುತ್ತಾನೆ, ನನ್ನ ಕಿವಿಗೂ ಬೀಳುತ್ತದೆ. ಆದರೆ ಈ ಜಗಳ ಮಾತ್ರ ಚೆನ್ನಾಗಿ ಗೊತ್ತಿರುವಂಥದ್ದೇ. ಕಾಳಿಂಗ ನಾವಡರು ಭಾಗವತಿಕೆಗೆ ಹೊಸ ರಾಗ, ಹೊಸ ಧಾಟಿ ತಂದಾಗ ನಮ್ಮ ಅಜ್ಜ ಆಟ ಮುಗಿದು ಮನೆಗೆ ಬರುವ ದಾರಿಯುದ್ದಕ್ಕೂ ಗೊಣಗುತ್ತಿದ್ದರು. ಇದು ಯಕ್ಷಗಾನವಾ, ಸಿನಿಮಾವಾ ಅಂತ. ಹಾಗಂತ ಮುಂದಿನ ಆಟ ತಪ್ಪಿಸಲಿಲ್ಲ, ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು! ನಾವಡರು 1990ರಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲೇ ಹೋಗಿಬಿಟ್ಟರು. ಈಗ ಬಡಗಿನ ಮೇಳಗಳಲ್ಲಿ ಎಷ್ಟು ಭಾಗವತರ ಸ್ವರದಲ್ಲಿ ಅವರ ಧಾಟಿ ಕೇಳುವುದಿಲ್ಲ ಹೇಳಿ ನೋಡುವಾ.

ಹೆಸರು ಮಾಡಿದವರು ದಾರಿ ಬದಲಿಸಿದಾಗ ಮೊದಲು ಬೈಯುವವರು ಹಳೇ ಅಭಿಮಾನಿಗಳೇ. ಅವರೂ ಪ್ರೀತಿಯಿಂದಲೇ ಬೈಯುವುದು ಬಿಡಿ. ನನ್ನ ಮಗ ಹೇಳಿದ ಪ್ರಕಾರ ಮೆಟಾಲಿಕಾ 1984ರಲ್ಲಿ 'ಫೇಡ್ ಟು ಬ್ಲ್ಯಾಕ್' ಅಂತ ಮೆಲ್ಲನೆಯ ಹಾಡು ಮಾಡಿದಾಗಲೇ ಇವರು ಮಾರಿಕೊಂಡರು ಅಂತ ಕೂಗಿದ್ದರಂತೆ. ಮೆಟಾಲಿಕಾದ್ದೇ 'ಒನ್' ಹಾಡಿಗೆ (ಯು-ಟೂದ್ದಲ್ಲ) ಮೊದಲ ವಿಡಿಯೋ ಮಾಡಿದಾಗ ಮತ್ತೆ ಅದೇ ಕೂಗು. ಹಾಗಾದರೆ ಇವರು ಎಷ್ಟು ಸಲ ಮಾರಿಕೊಳ್ಳಬೇಕು?

ಅಂಕೋಲೆಯ_ಹಟವಾದಿ:

@ಹೊನ್ನಾವರದ_ರಾತ್ರಿಯಾಟ ಮಾವ, ನಾವಡರ ಹೆಸರು ತಂದು ಬಾಯಿ ಕಟ್ಟಿಸಿದಿರಿ. ಆದರೂ ಒಂದು ಮಾತು. ನಾವಡರು ಎಷ್ಟೇ ಹೊಸತು ಹಾಡಿದರೂ ಹಿಂದೆ ಚಂಡೆ ಮದ್ದಳೆ ಇತ್ತು, ತಾಳದ ಚೌಕಟ್ಟಿತ್ತು, ಎದುರಿಗೆ ಕುಣಿಯುವ ವೇಷಧಾರಿ ಇದ್ದ. ಹದ ತಪ್ಪಿದರೆ ಅಲ್ಲೇ, ರಂಗಸ್ಥಳದಲ್ಲೇ ಗೊತ್ತಾಗುತ್ತಿತ್ತು. ಸ್ಟುಡಿಯೋದಲ್ಲಿ ಕೂತ ಕೋಟ್ಯಧೀಶ ಬ್ಯಾಂಡಿಗೆ ಸಾಕು ಅಂತ ಹೇಳುವವರು ಯಾರು? ಬಾಬ್ ರಾಕ್ ಬ್ಲ್ಯಾಕ್ ಆಲ್ಬಮ್‌ನಲ್ಲಿ ಆ ಕೆಲಸ ಮಾಡಿದ, 'ಲೋಡ್' ಹೊತ್ತಿಗೆ ಅವನೂ ಮನೆಯವನಾಗಿದ್ದ. ನನ್ನ ಪ್ರಕಾರ ಎಡವಟ್ಟು ಆದದ್ದು ಅಲ್ಲಿ.

@ತಂತಿ_ಕುಮಟಾ ಬ್ಲ್ಯಾಕ್ ಆಲ್ಬಮ್‌ನ ಎರಡನೇ ಭಾಗ ಮಾಡಬಹುದಿತ್ತು ಅನ್ನುವ ಮಾತು ಸರಿಯಾಗಿದೆ. ಅದಕ್ಕೆ ನನ್ನ ಹತ್ತಿರ ಈಗ ಉತ್ತರ ಇಲ್ಲ, ಯೋಚನೆ ಮಾಡಿ ಬರುತ್ತೇನೆ.

ಯಲ್ಲಾಪುರದ_ಅಕ್ಕ:

ಗಿಟಾರು, ಕೂದಲು, ಮಾರ್ಕೆಟ್ ಎಲ್ಲ ಬಂತು. ಹಾಡಿನಲ್ಲಿ ಜೇಮ್ಸ್ ಏನು ಹೇಳುತ್ತಿದ್ದಾನೆ ಅಂತ ಒಬ್ಬರೂ ನೋಡಲಿಲ್ಲವಲ್ಲ!

ಅಲ್ಲಿಯವರೆಗಿನ ಹಾಡುಗಳಲ್ಲಿ ವಿಷಯ ಹೆಚ್ಚಾಗಿ ಹೊರಗಿನದು. ಯುದ್ಧ, ಕೋರ್ಟು, ಮಾದಕ ವ್ಯಸನ, ಕೈಕಾಲು ಕಳೆದುಕೊಂಡ ಸೈನಿಕ. ಒಳ್ಳೆಯ ಹಾಡುಗಳೇ. ಆದರೆ ಹೇಳುವವನು ದೂರ ನಿಂತು ಹೇಳುತ್ತಾನೆ. ಜೇಮ್ಸ್ ಹೆಟ್‌ಫೀಲ್ಡ್ ಅವರ ಅಪ್ಪ ಅಮ್ಮ ಕ್ರಿಶ್ಚಿಯನ್ ಸೈನ್ಸ್ ಎನ್ನುವ ಪಂಥದವರು. ಕಾಯಿಲೆಗೆ ಪ್ರಾರ್ಥನೆಯೇ ಮದ್ದು, ಡಾಕ್ಟರ ಹತ್ತಿರ ಹೋಗುವಂತಿಲ್ಲ. ಅಮ್ಮನಿಗೆ ಕ್ಯಾನ್ಸರ್ ಆಯಿತು, ಔಷಧಿ ಮಾಡಿಸಲಿಲ್ಲ, ಹುಡುಗನಿಗೆ 16 ವರ್ಷ ಇರುವಾಗ ತೀರಿಕೊಂಡರು. 1991ರ 'ದ ಗಾಡ್ ದಟ್ ಫೇಲ್ಡ್' ಹಾಡಿನಲ್ಲಿ ಆ ಸಿಟ್ಟು ಮೊದಲು ಹೊರಗೆ ಬಂತು, ಆದರೆ ಅಲ್ಲಿ ಅವನು ಜಗಳ ಆಡುತ್ತಿರುವುದು ದೇವರ ಜೊತೆ. 'ಲೋಡ್'ಗೆ ಬಂದಾಗ ಅಮ್ಮನ ಜೊತೆಗೇ ಮಾತು. ಶಿರಸಿ ತಮ್ಮ ಕಂಟ್ರಿ ಹಾಡು ಅಂತ ಮೂಗು ಮುರಿದದ್ದು 'ಮಾಮಾ ಸೆಡ್'ಗೇ ಅಲ್ವಾ? ಮನೆ ಬಿಟ್ಟು ಓಡಿದ ಮಗ, ತಿರುಗಿ ನೋಡಿದಾಗ ಅಮ್ಮ ಇಲ್ಲ. ಅದನ್ನು ಥ್ರ್ಯಾಶ್ ವೇಗದಲ್ಲಿ ಹೇಗೆ ಹಾಡುವುದು ಹೇಳಿ. 'ಅಂಟಿಲ್ ಇಟ್ ಸ್ಲೀಪ್ಸ್' ಕೂಡ ಕ್ಯಾನ್ಸರ್ ಬಗ್ಗೆಯೇ. ಆಲ್ಬಮ್ ಬಂದ ವರ್ಷವೇ ಅವರ ಅಪ್ಪನೂ ಅದೇ ಕಾಯಿಲೆಯಲ್ಲಿ ಹೋದರು.

ಇಷ್ಟು ತಿಳಿದ ಮೇಲೆ ಅಂಕೋಲೆಯವರ ರೇಡಿಯೋ ಲೆಕ್ಕ ನನಗೆ ಕೇಳಲಾಗುವುದಿಲ್ಲ. ಅಮ್ಮನ ಸಾವನ್ನು ಯಾರಾದರೂ ಪಟ್ಟಿಯ ಹತ್ತನೇ ಸ್ಥಾನಕ್ಕೆ ಬರೆಯುತ್ತಾರಾ?

ಹಾಗಂತ ಎಲ್ಲವನ್ನೂ ಹೊಗಳುತ್ತಿಲ್ಲ. 'ಪೂರ್ ಟ್ವಿಸ್ಟೆಡ್ ಮಿ' ನನಗೆ ಇವತ್ತಿಗೂ ಆಗುವುದಿಲ್ಲ. '2x4' ಕೂಡ ಗಟ್ಟಿ ರಿಫ್ ಸಿಗದೆ ಸುಮ್ನೆ ತೋಳು ಬೀಸಿಕೊಂಡು ನಡೆದಾಡುತ್ತದೆ. ಆದರೆ ಅವನ ಗಂಟಲು ಕೇಳಿ. 'ಕಿಲ್ ಎಮ್ ಆಲ್'ನಲ್ಲಿ ಕಿರುಚುವ ಹುಡುಗ ಇಲ್ಲಿ ಒಂದು ಸಾಲನ್ನು ಮೆಲ್ಲಗೆ ಹಿಡಿದು ಕೊನೆಯಲ್ಲಿ ಬಿಡುವುದನ್ನು ಕಲಿತಿದ್ದಾನೆ. ಅವನು ಹಾಡುಗಾರ ಆದದ್ದು ಈ ಆಲ್ಬಮ್‌ನಲ್ಲಿ ಅಂತ ನಾನು ಹೇಳುತ್ತೇನೆ, ಯಾರು ಬೇಕಾದರೂ ಜಗಳಕ್ಕೆ ಬರಲಿ.

ಕಾಳಿನದಿ_ಕಾರವಾರ:

ಜಗಳಕ್ಕೆ ಬರುವುದಿಲ್ಲ ಅಕ್ಕಾ, ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಅಪ್ಪನ ವಿಷಯ ಆಗ ನಮಗ್ಯಾರಿಗೆ ಗೊತ್ತಿತ್ತು? ಫೋಟೋ ನೋಡಿ ಕೂದಲು ಎಣಿಸುತ್ತಾ ಕೂತಿದ್ದೆವು.

ಶಿರಸಿ ತಮ್ಮಾ, ಎಲ್ಲಿಂದ ಶುರು ಅಂತ ಕೇಳಿದೆಯಲ್ಲ, ಆಲ್ಬಮ್ ಹಾಗೇ ಇಡು. ಮೊದಲು 1999ರ 'ಎಸ್ ಆ್ಯಂಡ್ ಎಂ' ತೆಗೆ, ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿ ಜೊತೆ ನುಡಿಸಿದ್ದು, ಮೈಕೆಲ್ ಕೇಮನ್ ವಾದ್ಯವೃಂದ ನಡೆಸಿದ್ದು. ಅದರಲ್ಲಿ 'ಬ್ಲೀಡಿಂಗ್ ಮಿ', 'ಹೀರೋ ಆಫ್ ದ ಡೇ', 'ಅಂಟಿಲ್ ಇಟ್ ಸ್ಲೀಪ್ಸ್', 'ಔಟ್‌ಲಾ ಟಾರ್ನ್' ನಾಲ್ಕೂ ಇವೆ. ವಯಲಿನ್‌ಗಳು ಹಿಂದಿನಿಂದ ಎದ್ದು ಬಂದಾಗ ಈ ಹಾಡುಗಳ ಎತ್ತರ ಗೊತ್ತಾಗುತ್ತದೆ. ಆಮೇಲೆ 'ಲೋಡ್'ಗೆ ವಾಪಸ್ ಬಾ.

ಭಾವನ ಮಾತು ಕೇಳಿ ನೇರ 2008ಕ್ಕೆ ಮಾತ್ರ ಹಾರಬೇಡ. ನಡುವೆ 2003ರ 'ಸೇಂಟ್ ಆಂಗರ್' ಇದೆ. ಸೋಲೋ ಒಂದೂ ಇಲ್ಲ, ಸ್ನೇರ್ ಡ್ರಮ್ ಖಾಲಿ ತಗಡಿನ ಶಬ್ದ. ಅದನ್ನು ಕೇಳಿದ ಮೇಲೆ 'ಲೋಡ್' ಬಗ್ಗೆ ಯಾರೂ ದೂರು ಹೇಳುವುದಿಲ್ಲ. ಅಷ್ಟೆಲ್ಲ ಬೈದ ನಾವೇ 2011ರ ಅಕ್ಟೋಬರ್ 30ಕ್ಕೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಹೋಗಿ ನಿಂತಿದ್ದೆವು ಅನ್ನುವುದು ಬೇರೆ ಮಾತು. ಅದಕ್ಕೆ ಎರಡು ದಿನ ಮೊದಲು ಗುರುಗ್ರಾಮದ ಕಾರ್ಯಕ್ರಮ ರದ್ದಾಗಿತ್ತು, ಇಲ್ಲೂ ಆಗುತ್ತದೋ ಅಂತ ದಾರಿಯುದ್ದಕ್ಕೂ ಜೀವ ಕೈಯಲ್ಲಿ.

ಶಿರಸಿ_ಮಳೆ:

ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಕಾರವಾರದ ಅಣ್ಣ ಹೇಳಿದ ಹಾಗೆ 'ಎಸ್ ಆ್ಯಂಡ್ ಎಂ' ಮೊದಲು ಕೇಳಿದೆ, ಆಮೇಲೆ 'ಲೋಡ್'ನಲ್ಲಿ ಅವೇ ಹಾಡುಗಳನ್ನು ಹೆಡ್‌ಫೋನ್ ಹಾಕಿ ಕೇಳಿದೆ. 'ಬ್ಲೀಡಿಂಗ್ ಮಿ' ಸಿಕ್ಕಿತು. ನಿಜವಾಗಿ ಸಿಕ್ಕಿತು. ಎಡಕಿವಿ ಬಲಕಿವಿಯಲ್ಲಿ ಎರಡು ಗಿಟಾರ್ ಬೇರೆ ಬೇರೆ ಮಾತಾಡುವುದು ಒಮ್ಮೆ ಗೊತ್ತಾದ ಮೇಲೆ ಸಡಿಲ ಅಂತ ಅನ್ನಿಸುವುದಿಲ್ಲ. 'ಔಟ್‌ಲಾ ಟಾರ್ನ್' ಕೊನೆಯ ಭಾಗ ಕರೆಂಟ್ ಹೋದ ಮನೆಯಲ್ಲಿ ಕೇಳಿದ್ದಕ್ಕೋ ಏನೋ, ಬಹಳ ಹೊತ್ತು ಬೇರೆ ಏನೂ ಹಾಕಲು ಮನಸ್ಸಾಗಲಿಲ್ಲ.

ಅಕ್ಕಾ, 'ಮಾಮಾ ಸೆಡ್' ಮತ್ತೆ ಕೇಳಿದೆ. ಕಂಟ್ರಿ ಇನ್ನೂ ನನ್ನ ದಾರಿ ಅಲ್ಲ, ಆದರೆ ಇನ್ನು ಮೇಲೆ ಆ ಹಾಡು ದಾಟಿಸುವುದಿಲ್ಲ. 'ರಾನಿ' ಮಾತ್ರ ಆಗಲೇ ಇಲ್ಲ, ಯಾರೂ ಒತ್ತಾಯ ಮಾಡಬೇಡಿ. ಭಾವನಿಗೆ ಇಡೀ ಚರ್ಚೆ ತೋರಿಸಿದೆ, ಅಂಕೋಲೆಯವರು ಬರೆದದ್ದನ್ನು ಮಾತ್ರ ಓದಿ ಫೋನ್ ವಾಪಸ್ ಕೊಟ್ಟರು.

@ತಂತಿ_ಕುಮಟಾ ಒಂದು ಸಣ್ಣ ಪ್ರಶ್ನೆ. 'ಕಿಂಗ್ ನಥಿಂಗ್' ಕಲಿಯಲು ನೋಡುತ್ತಿದ್ದೇನೆ, ಹಾಡಿನ ಜೊತೆ ನುಡಿಸಿದರೆ ಸ್ವರ ಕೂಡುತ್ತಿಲ್ಲ. ಇದು ನೀವು ಹೇಳಿದ ಅರ್ಧ ಸ್ವರದ ವಿಷಯವೇನಾ? ಪ್ರತಿ ಸಲ ಇಳಿಸಿ ಏರಿಸಿ ಮಾಡಿದರೆ ತಂತಿ ಹಾಳಾಗುವುದಿಲ್ಲವಾ?

ತಂತಿ_ಕುಮಟಾ:

ಹೌದು, ಅದೇ. ದಪ್ಪ ತಂತಿಯಿಂದ ಶುರು ಮಾಡಿ ಈ ಫ್ಲ್ಯಾಟ್, ಎ ಫ್ಲ್ಯಾಟ್, ಡಿ ಫ್ಲ್ಯಾಟ್, ಜಿ ಫ್ಲ್ಯಾಟ್, ಬಿ ಫ್ಲ್ಯಾಟ್, ಸಣ್ಣ ತಂತಿ ಮತ್ತೆ ಈ ಫ್ಲ್ಯಾಟ್. ಫೋನಿನ ಟ್ಯೂನರ್ ಸಾಕು. ಕೆಲವು ಟ್ಯೂನರ್‌ಗಳು ಇದನ್ನೇ ಡಿ ಶಾರ್ಪ್, ಜಿ ಶಾರ್ಪ್ ಅಂತ ತೋರಿಸುತ್ತವೆ, ಗಾಬರಿ ಬೇಡ, ಎರಡೂ ಒಂದೇ.

ಇಳಿಸಿ ಏರಿಸಿ ಮಾಡುವುದರಿಂದ ತಂತಿಗೆ ಅಷ್ಟೇನೂ ಆಗುವುದಿಲ್ಲ, ನಮ್ಮ ಕಡೆ ತಂತಿ ಹಾಳಾಗುವುದು ಮಳೆಗಾಲದ ತೇವಕ್ಕೆ. ಕುಮಟೆಯಲ್ಲಿ ಕಡಲ ಗಾಳಿ ಬೇರೆ, ಒರೆಸದೆ ಇಟ್ಟರೆ ಬೇಗ ತುಕ್ಕು. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಚೀಲದೊಳಗೇ ಇಡಿ. ನಿಮ್ಮ ಗಿಟಾರ್‌ಗೆ ಫ್ಲಾಯ್ಡ್ ರೋಸ್ ತರಹದ ತೇಲುವ ಬ್ರಿಜ್ ಇದ್ದರೆ ಮಾತ್ರ ಸ್ವಲ್ಪ ರಗಳೆ. ಒಂದು ತಂತಿ ಇಳಿಸಿದರೆ ಉಳಿದವು ಏರುತ್ತವೆ, ತಾಳ್ಮೆ ಬೇಕು.

ನಿಮ್ಮ ಜಾಗದಲ್ಲಿ ನಾನಾಗಿದ್ದರೆ ವಾಪಸ್ ಏರಿಸುವುದೇ ಇಲ್ಲ. 'ಲೋಡ್' ಕಾಲದಿಂದ ಇವರು ವೇದಿಕೆ ಮೇಲೆ ಹಳೆಯ ಹಾಡುಗಳನ್ನೂ ಅರ್ಧ ಸ್ವರ ಕೆಳಗೇ ನುಡಿಸುತ್ತಾ ಬಂದಿದ್ದಾರೆ. 'ಎಸ್ ಆ್ಯಂಡ್ ಎಂ'ನಲ್ಲಿರುವ 'ಮಾಸ್ಟರ್ ಆಫ್ ಪಪೆಟ್ಸ್' ಕೂಡ ಹಾಗೇ. ಗಿಟಾರ್ ಅಲ್ಲೇ ಇಟ್ಟುಕೊಂಡು ಅದರ ಜೊತೆ ನುಡಿಸಿ ನೋಡಿ, ಬಲಗೈ ನೋವು ಬಂದರೆ ನಿಲ್ಲಿಸಿ.